ಪಿಆರ್‌ಕೆ ಲೇಸರ್ ಚಿಕಿತ್ಸೆ: ಹತ್ತೊಂಬತ್ತು ತಿಂಗಳ ನಂತರ, ಮುಖ್ಯವಾಗಿ ನೋವಿನ ಬಗ್ಗೆ

ನನ್ನ ಎರಡೂ ಕಣ್ಣುಗಳಿಗೆ ಪಿಆರ್‌ಕೆ ಎಂಬ, ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆಯಾಗಿ ಹತ್ತೊಂಬತ್ತು ತಿಂಗಳು ಕಳೆದಿವೆ. ಕನ್ನಡಕವಿಲ್ಲದೆ ಬಸ್ಸಿನ ಬೋರ್ಡು ಓದುತ್ತೇನೆ, ರಾತ್ರಿ ಸ್ಕೂಟರ್ ಓಡಿಸುತ್ತೇನೆ, ತಪಾಸಣೆಗೆ ಹೋದಾಗ ಎರಡೂ ಕಣ್ಣು 6/6 ಎಂದು ಬರೆದುಕೊಡುತ್ತಾರೆ. ಆದ್ದರಿಂದ ಫಲಿತಾಂಶದ ಬಗ್ಗೆ ನನಗೆ ತಕರಾರಿಲ್ಲ. ಬರೆಯಬೇಕೆನಿಸಿರುವುದು ನೋವಿನ ಬಗ್ಗೆ. ಬೆಂಗಳೂರಿನ ಆ ಆಸ್ಪತ್ರೆಯ ಕೌನ್ಸೆಲರ್, ಪ್ಯಾಕೇಜುಗಳ ದರಪಟ್ಟಿಯನ್ನು ಇಪ್ಪತ್ತು ನಿಮಿಷ ವಿವರಿಸಿದ ಮೇಲೆ, "ಮೂರು ದಿನ ಸ್ವಲ್ಪ ಕಿರಿಕಿರಿ ಇರುತ್ತೆ ಮೇಡಂ, ಅಷ್ಟೇ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದು ಇದೇ ನೋವನ್ನು.

ನನ್ನ ಪವರ್ ಬಲಗಣ್ಣಿಗೆ ಮೈನಸ್ 4.25, ಎಡಗಣ್ಣಿಗೆ ಮೈನಸ್ 3.75 ಇತ್ತು. ನಾನು ಕೇಳಿಕೊಂಡು ಹೋದದ್ದು ಎಲ್ಲರೂ ಹೇಳುವ ಲೇಸಿಕ್ ಅನ್ನು. ಆದರೆ ಅಳತೆ ಮಾಡಿದಾಗ ನನ್ನ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, 490 ಮೈಕ್ರಾನ್‌ನಷ್ಟು (ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ) ಮಾತ್ರ ದಪ್ಪವಿದೆ ಎಂದು ತಿಳಿಯಿತು. ಸಾಮಾನ್ಯವಾಗಿ ಅದು 540ರ ಆಸುಪಾಸಿನಲ್ಲಿರುತ್ತದೆ. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲ್ಭಾಗವನ್ನು ತೆಳುವಾದ ಮುಚ್ಚಳದಂತೆ ಕತ್ತರಿಸಿ ಎತ್ತಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಮುಚ್ಚಳಕ್ಕೇ ನೂರಕ್ಕೂ ಹೆಚ್ಚು ಮೈಕ್ರಾನ್ ಹೋಗುವುದರಿಂದ ನನ್ನಂಥವರ ಕಣ್ಣಿನಲ್ಲಿ ಉಳಿಯುವ ಭಾಗ ದುರ್ಬಲವಾಗಬಹುದೆಂದು ವೈದ್ಯರು ಪಿಆರ್‌ಕೆ ಸೂಚಿಸಿದರು. ಇದರಲ್ಲಿ ಮುಚ್ಚಳವಿಲ್ಲ, ಸುಮಾರು 50 ಮೈಕ್ರಾನ್ ದಪ್ಪದ ಮೇಲ್ಪದರವನ್ನು ಆಲ್ಕೋಹಾಲ್ ದ್ರಾವಣದಿಂದ ಸಡಿಲಗೊಳಿಸಿ ಒರೆಸಿ ತೆಗೆದು, ನೇರವಾಗಿ ಅದರ ಕೆಳಗಿನ ಭಾಗಕ್ಕೆ ಲೇಸರ್ ಹಾಯಿಸುತ್ತಾರೆ. ನಿರ್ಧಾರ ಸರಿಯಾಗಿತ್ತು ಎಂದೇ ಈಗಲೂ ನನ್ನ ಅಭಿಪ್ರಾಯ.

ನೋವಿನ ಮೂಲ ಅರ್ಥವಾದದ್ದು ನನಗೆ ತಡವಾಗಿ. ಲೇಸರ್ ಸುಡುತ್ತದೆ, ಸುಟ್ಟದ್ದು ಉರಿಯುತ್ತದೆ ಎಂದುಕೊಂಡಿದ್ದೆ. ಮೇಜಿನ ಮೇಲೆ ಮಲಗಿದ್ದಾಗ ಕೂದಲು ಸುಟ್ಟಂಥ ವಾಸನೆ ಬಂದದ್ದೂ ಆ ಕಲ್ಪನೆಯನ್ನು ಗಟ್ಟಿ ಮಾಡಿತ್ತು. ವಾಸ್ತವದಲ್ಲಿ 193 ನ್ಯಾನೋಮೀಟರ್‌ನ ಈ ಎಕ್ಸೈಮರ್ ಲೇಸರ್ ಸುತ್ತಲಿನ ಅಂಗಾಂಶವನ್ನು ಬೇಯಿಸದೆ, ಅಣುಗಳ ಬಂಧವನ್ನೇ ಬಿಡಿಸಿ ಪದರವನ್ನು ತೆಗೆಯುತ್ತದೆ. (ಈ ಗುಣವನ್ನು 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಪತ್ತೆಹಚ್ಚಿದ ಮೂವರಲ್ಲಿ ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು.) ನೋವು ಮುಖ್ಯವಾಗಿ ಬರುವುದು ಮೇಲ್ಪದರ ಹೋಗಿ ನರಗಳ ತುದಿಗಳು ಬಯಲಾಗುವುದರಿಂದ. ದೇಹದಲ್ಲಿ ಕಾರ್ನಿಯಾದಷ್ಟು ದಟ್ಟವಾಗಿ ನರಗಳಿರುವ ಜಾಗ ಬಹಳ ಕಡಿಮೆ. ಚಿಕ್ಕ ಧೂಳಿನ ಕಣಕ್ಕೇ ನಾವು ಒದ್ದಾಡುತ್ತೇವೆ. ಇಲ್ಲಿ ಎಂಟು ಮಿಲಿಮೀಟರ್ ಅಗಲದ ತರಚು ಗಾಯ, ಅದೂ ಎರಡೂ ಕಣ್ಣಿಗೆ ಒಟ್ಟಿಗೆ.

ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ಗಂಟೆ ಮರಗಟ್ಟಿಸುವ ಹನಿಯ ಪ್ರಭಾವದಿಂದ ಏನೂ ಅನಿಸಲಿಲ್ಲ. ವಿಜಯನಗರದ ಬಾಡಿಗೆ ಮನೆಗೆ ಬಂದು, ತುಮಕೂರಿನಿಂದ ಬಂದಿದ್ದ ಅಮ್ಮನ ಹತ್ತಿರ ಧೈರ್ಯದ ಮಾತನಾಡಿ, ಊಟ ಮಾಡಿ ಮಲಗಿದೆ. ಸಂಜೆಯಿಂದ ಉರಿ ಶುರುವಾಯಿತು. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಹೇಗಿರುತ್ತದೋ ಹಾಗೆ. ವ್ಯತ್ಯಾಸವೆಂದರೆ ಆ ಉರಿ ಹತ್ತು ನಿಮಿಷಕ್ಕೆ ಇಳಿಯುತ್ತದೆ, ಇದು ಇಳಿಯಲಿಲ್ಲ. ಎರಡನೆಯ ದಿನ ಬೆಳಕೇ ನೋವಾಯಿತು. ಕಿಟಕಿಗೆ ಕಂಬಳಿ ಹಾಕಿ, ತಂಪು ಕನ್ನಡಕ ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರೂ ಬಾಗಿಲ ಸಂದಿನಿಂದ ಬರುವ ಗೆರೆಯಷ್ಟು ಬೆಳಕು ಮುಚ್ಚಿದ ರೆಪ್ಪೆಯನ್ನು ದಾಟಿ ಚುಚ್ಚುತ್ತಿತ್ತು. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬಂದಾಗಲೆಲ್ಲ ಕಣ್ಣಿನಿಂದ ನೀರು, ಅದರ ಜೊತೆ ಮೂಗಿನಿಂದಲೂ ನೀರು ಸುರಿಯುತ್ತಿತ್ತು. ಇದನ್ನು ಕಿರಿಕಿರಿ ಎಂದು ಕರೆಯುವವರು ನನ್ನ ಮಟ್ಟಿಗೆ ಭಾಷೆಯನ್ನು ಸರಿಯಾಗಿ ಬಳಸುತ್ತಿಲ್ಲ.

ಮೂರನೆಯ ದಿನ ನಸುಕಿನಲ್ಲಿ ಎಡಗಣ್ಣಿನ ನೋವು ಥಟ್ಟನೆ ಇಮ್ಮಡಿಯಾಯಿತು. ಗಾಯ ಆರುವವರೆಗೆ ರಕ್ಷಣೆಗೆಂದು ಇಟ್ಟಿರುವ ಬ್ಯಾಂಡೇಜ್ ಲೆನ್ಸ್ ಜಾರಿಹೋಗಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಅಮ್ಮನೇ ಟಾರ್ಚ್ ಹಿಡಿದು ನೋಡಿ, ರಾತ್ರಿ ಕಟ್ಟಿಕೊಳ್ಳುವ ಪ್ಲಾಸ್ಟಿಕ್ ಕವಚದ ಒಳಮೈಗೆ ಮೀನಿನ ಹುರುಪೆಯಂತೆ ಅಂಟಿ ಒಣಗಿದ್ದ ಲೆನ್ಸನ್ನು ತೋರಿಸಿದಳು. ಅದನ್ನು ನಾವೇ ಮತ್ತೆ ಹಾಕುವಂತಿಲ್ಲ. ತುರ್ತು ಸಂಖ್ಯೆಗೆ ನಾಲ್ಕು ಬಾರಿ ಕರೆ ಮಾಡಿದ ಮೇಲೆ ಒಬ್ಬರು ಎತ್ತಿ, "ಎಂಟೂವರೆಗೆ ಬನ್ನಿ, ಅಲ್ಲಿವರೆಗೆ ಕಣ್ಣು ಉಜ್ಜಬೇಡಿ" ಎಂದರು. ಎರಡೂ ಕಣ್ಣು ಮುಚ್ಚಿಕೊಂಡು ಆಟೊದಲ್ಲಿ ಹೋಗುವಾಗ ಪ್ರತಿ ಹಂಪ್ ಕಣ್ಣಿನಲ್ಲೇ ತಗುಲಿದಂತಾಗುತ್ತಿತ್ತು. ಹೊಸ ಲೆನ್ಸ್ ಹಾಕಿದ ಮೂರು ನಾಲ್ಕು ನಿಮಿಷದಲ್ಲಿ ನೋವು ಅರ್ಧಕ್ಕಿಳಿಯಿತು. ಆ ತೆಳ್ಳನೆಯ ಹಾಳೆ ಎಷ್ಟು ಕೆಲಸ ಮಾಡುತ್ತಿತ್ತೆಂಬುದು ಅದು ಬಿದ್ದ ಮೇಲೆಯೇ ಗೊತ್ತಾದದ್ದು. ಲೆನ್ಸ್ ಹಾಕಿದ ವೈದ್ಯೆ ಅತ್ಯಂತ ಸಹನೆಯಿಂದ ನಡೆದುಕೊಂಡರು; ದೂರು ಇರುವುದು ಎತ್ತದ ಫೋನಿನ ಬಗ್ಗೆ, ಮತ್ತು ಲೆನ್ಸ್ ಬೀಳಬಹುದೆಂದು ಮೊದಲೇ ಯಾರೂ ಹೇಳದಿದ್ದುದರ ಬಗ್ಗೆ.

ಔಷಧಿಗಳಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದವು ಮೊದಲೆರಡು ದಿನಕ್ಕೆ ಕೊಟ್ಟಿದ್ದ ಕೆಟೊರೊಲ್ಯಾಕ್ ಎಂಬ ನೋವು ತಗ್ಗಿಸುವ ಹನಿ, ನೋವಿನ ಮಾತ್ರೆ ಮತ್ತು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಹಾಕಿಕೊಂಡ ಕೃತಕ ಕಣ್ಣೀರು. ಮಾತ್ರೆಯನ್ನು ನೋವು ತಡೆಯಲಾಗದಾಗ ನುಂಗುವುದಕ್ಕಿಂತ ಗಡಿಯಾರ ನೋಡಿ ಹೇಳಿದ ಹೊತ್ತಿಗೆ ನುಂಗುವುದು ಮೇಲು ಎಂಬುದನ್ನು ಮೊದಲ ರಾತ್ರಿಯೇ ಕಲಿತೆ. ಲೆನ್ಸ್ ಬದಲಾಯಿಸುವಾಗ ಹಾಕಿದ ಮರಗಟ್ಟಿಸುವ ಹನಿಯನ್ನೇ ಮನೆಗೂ ಕೊಡಿ ಎಂದು ನಾನು ಬಹುತೇಕ ಅಂಗಲಾಚಿದ್ದೆ. ವೈದ್ಯೆ ಖಡಾಖಂಡಿತವಾಗಿ ನಿರಾಕರಿಸಿದರು: ಅದನ್ನು ಪದೇಪದೇ ಹಾಕಿಕೊಂಡರೆ ಮೇಲ್ಪದರ ಬೆಳೆಯುವುದೇ ನಿಧಾನವಾಗುತ್ತದೆ, ಕಾರ್ನಿಯಾ ಕರಗಿ ದೃಷ್ಟಿಯೇ ಹಾಳಾದ ಉದಾಹರಣೆಗಳಿವೆ ಎಂದರು. ಔಷಧಿ ಅಂಗಡಿಯಲ್ಲಿ ಯಾರಾದರೂ ಕೊಡುತ್ತೇನೆಂದರೂ ದಯವಿಟ್ಟು ತೆಗೆದುಕೊಳ್ಳಬೇಡಿ.

ನಾಲ್ಕನೆಯ ದಿನದಿಂದ ನೋವು ಇಳಿಮುಖವಾಯಿತು. ಐದನೆಯ ದಿನ ಬೆಳಿಗ್ಗೆ ಅಮ್ಮ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುವಾಗ ಪಕ್ಕದಲ್ಲೇ ಕುಳಿತಿದ್ದೆ. ಅವಳ ಕಣ್ಣಿನಲ್ಲಿ ನೀರು, ಲೆನ್ಸಿನ ಕೃಪೆಯಿಂದ ನನ್ನ ಕಣ್ಣಿನಲ್ಲಿ ಏನೂ ಇಲ್ಲ. ಅದೇ ಮಧ್ಯಾಹ್ನ ಲೆನ್ಸ್ ತೆಗೆದರು. ಆಗ ದೃಷ್ಟಿ ಮೊದಲ ದಿನಕ್ಕಿಂತಲೂ ಮಬ್ಬಾಗಿತ್ತು. ಹೊಸ ಪದರ ಅಂಚುಗಳಿಂದ ಬೆಳೆದು ನಡುವೆ ಬಂದು ಕೂಡುವುದರಿಂದ, ಆ ಕೂಡುಗೆರೆ ನಯವಾಗುವವರೆಗೆ ಹೀಗೇ ಇರುತ್ತದೆಯಂತೆ. ಎಂಟನೆಯ ದಿನ ಕಚೇರಿಗೆ ಹೋದೆನಾದರೂ, ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳದೆ ಓದಲು ಮೂರು ವಾರ ಬೇಕಾಯಿತು.

ದೀರ್ಘಕಾಲದ ಬಳಕೆದಾರಳಾಗಿ ಹೇಳಬೇಕಾದ ಮುಖ್ಯ ವಿಷಯವೆಂದರೆ, ನೋವು ಆ ಐದು ದಿನಗಳಿಗೆ ಮುಗಿಯಲಿಲ್ಲ. ಎರಡನೆಯ ತಿಂಗಳಿನಿಂದ ಬೇರೆ ಬಗೆಯದು ಶುರುವಾಯಿತು: ಬೆಳಿಗ್ಗೆ ಎಚ್ಚರವಾಗಿ ಕಣ್ಣು ತೆರೆದ ಕ್ಷಣದಲ್ಲಿ ಬಲಗಣ್ಣಿನಲ್ಲಿ ಬ್ಲೇಡ್ ಎಳೆದಂಥ ಒಂದು ಚುಚ್ಚು, ಆಮೇಲೆ ಅರ್ಧ ಗಂಟೆ ನೀರು. ಕಣ್ಣು ಒಣಗಿದಾಗ ರೆಪ್ಪೆಯ ಒಳಮೈ ಇನ್ನೂ ಗಟ್ಟಿಯಾಗಿ ಕೂರದ ಹೊಸ ಪದರಕ್ಕೆ ಅಂಟಿ, ತೆರೆಯುವಾಗ ಅದನ್ನು ಕಿತ್ತೆಳೆಯುತ್ತದೆ ಎಂದು ವೈದ್ಯರು ವಿವರಿಸಿದರು. ಲೇಸರ್ ಹಾಯ್ದ ಭಾಗದ ನರಗಳು ಮತ್ತೆ ಬೆಳೆಯಲು ತಿಂಗಳುಗಳೇ ಹಿಡಿಯುವುದರಿಂದ ಕಣ್ಣೀರೂ ಕಡಿಮೆ. ಅವರು ಹೇಳಿಕೊಟ್ಟ ಉಪಾಯ ಸರಳ: ರಾತ್ರಿ ಮಲಗುವಾಗ ಮುಲಾಮು; ಬೆಳಿಗ್ಗೆ ಕಣ್ಣು ತೆರೆಯುವ ಮೊದಲು, ಮುಚ್ಚಿದ ರೆಪ್ಪೆಯ ಮೂಲೆಗೆ ಎರಡು ಹನಿ ಬಿಟ್ಟು, ಅದು ಒಳಗೆ ಇಳಿದ ಮೇಲೆ ನಿಧಾನವಾಗಿ ತೆರೆಯುವುದು; ಮಲಗುವಾಗ ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯದಂತೆ ನೋಡಿಕೊಳ್ಳುವುದು. ಮೊದಲು ವಾರಕ್ಕೆ ಮೂರು ಬಾರಿ ಬರುತ್ತಿದ್ದ ಚುಚ್ಚು ಏಳನೆಯ ತಿಂಗಳಿಗೆ ತಿಂಗಳಿಗೊಮ್ಮೆಯಾಯಿತು. ಒಂದು ವರ್ಷವಾದ ಮೇಲೆ ಎರಡೇ ಬಾರಿ ಬಂದಿದೆ.

ಖರ್ಚಿನ ವಿಷಯ ಚುಟುಕಾಗಿ ಹೇಳುತ್ತೇನೆ. ಎರಡೂ ಕಣ್ಣಿಗೆ ನಾನು ಕೊಟ್ಟದ್ದು 42,000 ರೂಪಾಯಿ. ಹನಿ, ಮುಲಾಮು, ಮೂರು ತಿಂಗಳು ಇಳಿಸುತ್ತಾ ಹೋದ ಸ್ಟೆರಾಯ್ಡ್ ಹನಿ, ನಡುನಡುವೆ ಕಣ್ಣಿನ ಒತ್ತಡದ ಪರೀಕ್ಷೆ ಇವೆಲ್ಲ ಪ್ಯಾಕೇಜಿನ ಹೊರಗೆ. ಪವರ್ 7.5ಕ್ಕಿಂತ ಕಡಿಮೆ ಇದ್ದರೆ ಆರೋಗ್ಯ ವಿಮೆಯಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ನನಗೂ ಸಿಗಲಿಲ್ಲ.

ಚಿಕಿತ್ಸೆಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಚಿಕಿತ್ಸೆಗೆ ಮೊದಲು ಕೊಟ್ಟ ಮಾಹಿತಿಗೆ ಒಂದೂವರೆ. ಕಳೆದ ತಿಂಗಳು ಸೋದರಮಾವನ ಮಗಳು ಅದೇ ಆಸ್ಪತ್ರೆಗೆ ವಿಚಾರಿಸಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಅದೇ ಕೌನ್ಸೆಲರ್, ಅದೇ ಕುರ್ಚಿ, ಅದೇ "ಸ್ವಲ್ಪ ಕಿರಿಕಿರಿ." ಲೆನ್ಸ್ ರಾತ್ರಿ ಬಿದ್ದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಯಾರು ಎತ್ತುತ್ತಾರೆ ಎಂದು ನಾನು ಕೇಳಿದೆ. ಆಕೆ ನನ್ನನ್ನೊಮ್ಮೆ ನೋಡಿ, ದರಪಟ್ಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಮೊಬೈಲ್ ಸಂಖ್ಯೆ ಬರೆದುಕೊಟ್ಟಳು.