ಬಿಬಿಎ ಏವಿಯೇಷನ್‌ಗೆ ಅಡ್ವಾನ್ಸ್ ಕಟ್ಟುವ ಮುಂಚೆ ಸ್ವಲ್ಪ ನಿಲ್ಲಿ

ಪಿಯುಸಿ ರಿಸಲ್ಟ್ ಬಂದ ಮರುದಿನದಿಂದಲೇ ಬಿಬಿಎ ಏವಿಯೇಷನ್ ಸೀಟು ಮಾರುವ ಏಜೆಂಟರ ಫೋನ್ ಶುರುವಾಗುತ್ತೆ. ನಿಮ್ಮ ಹೆಸರು, ಕಾಲೇಜು, ಕೆಲವೊಮ್ಮೆ ಮಾರ್ಕ್ಸ್ ಕೂಡ ಅವರಿಗೆ ಗೊತ್ತಿರುತ್ತೆ. "ಏರ್‌ಪೋರ್ಟಲ್ಲಿ ಕೆಲಸ ಗ್ಯಾರಂಟಿ, ಸೀಟು ಕೆಲವೇ ಉಳಿದಿವೆ" ಅನ್ನುತ್ತಾರೆ. ಕಾಮರ್ಸ್ ಅಥವಾ ಆರ್ಟ್ಸ್ ಓದಿದ ಮಕ್ಕಳಿರುವ ಮನೆಗಳಿಗೆ ಈ ಫೋನ್ ಜಾಸ್ತಿ. ಅಂಥ ಮನೆಯವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 2021ರ ಬ್ಯಾಚು. ಕೊರೊನಾದಿಂದ ಪರೀಕ್ಷೆಯೇ ನಡೆಯದೆ ಎಲ್ಲರೂ ಪಾಸಾದ ವರ್ಷ. ಊರು ಶಿವಮೊಗ್ಗದ ಪಕ್ಕ. ಆಗ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿತ್ತು. ದುರ್ಗಿಗುಡಿಯಲ್ಲಿ ಆಫೀಸಿಟ್ಟಿದ್ದ ಏಜೆಂಟ್ ಅಪ್ಪನಿಗೆ ಅದನ್ನೇ ತೋರಿಸಿದ. "ಸರ್, ನಿಮ್ಮ ಮಗಳ ಡಿಗ್ರಿ ಮುಗಿಯೋ ಹೊತ್ತಿಗೆ ಇಲ್ಲೇ ಏರ್‌ಪೋರ್ಟ್ ರೆಡಿ ಇರುತ್ತೆ. ಮನೆಯಿಂದಲೇ ಡ್ಯೂಟಿಗೆ ಹೋಗಿ ಬರಬಹುದು." ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು. ಕಾಲೇಜಿನ ಅಡ್ವಾನ್ಸ್ ಅಲ್ಲೇ ಕಟ್ಟಿಸಿಕೊಂಡ. ಬೋರ್ಡಲ್ಲಿ "ಉಚಿತ ಸಲಹೆ" ಅಂತ ಬರೆದಿತ್ತು. ನಮ್ಮಿಂದ ಯಾಕೆ ತಗೋಬೇಕು ಹೇಳಿ, ತಲೆಗಿಷ್ಟು ಅಂತ ಕಾಲೇಜಿನವರೇ ಕೊಡುತ್ತಿದ್ದರಲ್ಲ. ಆ ಆಫೀಸು ಬಿಟ್ಟು ಬಂದ ಹುಡುಗನೊಬ್ಬ ಆಮೇಲೆ ಹೇಳಿದ ಮಾತಿದು.

ಕಾಲೇಜು ಬೆಂಗಳೂರಲ್ಲಿ. ಹೆಸರು ಬರೆಯಲ್ಲ. ಬ್ರೋಷರ್ ತುಂಬಾ ವಿಮಾನ, ಕೋಟು, ಸ್ಕಾರ್ಫು. ಹಿಂದಿನ ಶೆಡ್ಡಿನಲ್ಲಿ "ಮಾಕ್ ಕ್ಯಾಬಿನ್" ಅಂತ ಒಂದಿತ್ತು, ವಿಮಾನದ ಒಳಭಾಗದ ನಕಲು. ಪ್ಲೈವುಡ್ ಗೋಡೆ, ಎರಡು ಸಾಲು ಹಳೇ ಬಸ್ಸಿನ ಸೀಟು, ಒಂದು ಟ್ರಾಲಿ. ಟ್ರಾಲಿಯ ಒಂದು ಚಕ್ರ ತಿರುಗುತ್ತಿರಲಿಲ್ಲ. ವರ್ಷವಿಡೀ ಬೀಗ. ಅಡ್ಮಿಷನ್ ಸಮಯದಲ್ಲಿ ಮಾತ್ರ ಧೂಳು ಹೊಡೆದು, ನಮಗೆ ಯೂನಿಫಾರ್ಮ್ ಹಾಕಿಸಿ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಬಂದ ಅಪ್ಪ ಅಮ್ಮಂದಿರಿಗೆ ಕೈಮುಗಿಯೋದು ನಮ್ಮ ಕೆಲಸ.

ಪಾಠ? ಅಕೌಂಟ್ಸ್, ಮಾರ್ಕೆಟಿಂಗ್, ಎಚ್‌ಆರ್, ಬಿಸಿನೆಸ್ ಲಾ. ಅಂದ್ರೆ ಮಾಮೂಲಿ ಬಿಬಿಎ, ಮೇಲೆ ಏವಿಯೇಷನ್ ಹೆಸರಿನ ಕೆಲವು ಪೇಪರು. "ಏರ್‌ಪೋರ್ಟ್ ವಿಸಿಟ್" ಅಂತ ದೇವನಹಳ್ಳಿಗೆ ಬಸ್ಸಲ್ಲಿ ಕರ್ಕೊಂಡು ಹೋದರು. ಟಿಕೆಟ್ ಇಲ್ಲದವರನ್ನು ಟರ್ಮಿನಲ್ ಒಳಗೆ ಬಿಡಲ್ಲ, ಅಲ್ವಾ? ಕೆಲಸದವರೇ ಪಾಸ್ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ಹೊರಗೆ ನಿಂತು ಫೋಟೊ ತೆಗೆಸಿಕೊಂಡು ವಾಪಸ್ ಬಂದೆವು. ಮುಂದಿನ ವರ್ಷದ ಬ್ರೋಷರಿನಲ್ಲಿ ಆ ಫೋಟೊ ಇತ್ತು.

ಈಗ ಮುಖ್ಯ ವಿಷಯ. ವಿಮಾನಕ್ಕೆ ಸಂಬಂಧಪಟ್ಟ ಯಾವ ಕೆಲಸಕ್ಕೆ ಏನು ಕೇಳುತ್ತಾರೆ ಅಂತ ನಮಗೆ ಮೊದಲು ಯಾರೂ ಹೇಳಲಿಲ್ಲ. ಪೈಲಟ್ ಆಗಬೇಕಂದ್ರೆ ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ ಕೊಡುವ ಲೈಸೆನ್ಸ್ ಬೇಕು. ಅದಕ್ಕೆ ಪರೀಕ್ಷೆ, ಮೆಡಿಕಲ್, 200 ಗಂಟೆ ಹಾರಾಟ. ನಾವು ಸೇರುವಾಗಿದ್ದ ನಿಯಮದಲ್ಲಿ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಕಡ್ಡಾಯ. ವಿಮಾನ ರಿಪೇರಿಯ ಎಂಜಿನಿಯರ್ ಲೈಸೆನ್ಸ್ ಕೊಡುವುದೂ ಡಿಜಿಸಿಎ, ಓದಬೇಕಾದದ್ದು ಅದು ಒಪ್ಪಿದ ಸಂಸ್ಥೆಯಲ್ಲಿ. ವಿಮಾನಗಳಿಗೆ ನೆಲದಿಂದ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲ್ ಹುದ್ದೆ ತುಂಬುವುದು ಏರ್‌ಪೋರ್ಟ್ಸ್ ಅಥಾರಿಟಿ, ಪರೀಕ್ಷೆ ಮಾಡಿ. ಅದಕ್ಕೆ ಫಿಸಿಕ್ಸ್, ಮ್ಯಾಥ್ಸ್ ಇರುವ ಬಿಎಸ್ಸಿ ಅಥವಾ ಬಿಇ ಕೇಳುತ್ತಾರೆ. ಬಿಬಿಎ ಇಟ್ಟುಕೊಂಡು ಈ ಮೂರರಲ್ಲಿ ಯಾವುದಕ್ಕೂ ಹೋಗಲು ಆಗಲ್ಲ.

ಉಳಿದದ್ದು ಕ್ಯಾಬಿನ್ ಕ್ರೂ, ಅಂದ್ರೆ ವಿಮಾನದೊಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವವರು, ಮತ್ತು ಗ್ರೌಂಡ್ ಸ್ಟಾಫ್. ಕ್ಯಾಬಿನ್ ಕ್ರೂಗೆ ಸಾಮಾನ್ಯವಾಗಿ ಪಿಯುಸಿ ಪಾಸಾದರೆ ಸಾಕು, ಟ್ರೈನಿಂಗ್ ವಿಮಾನ ಕಂಪನಿಯೇ ಕೊಡುತ್ತೆ. ಚೆಕ್-ಇನ್ ಕೌಂಟರಿನಂಥ ಗ್ರೌಂಡ್ ಕೆಲಸಕ್ಕೂ ಪಿಯುಸಿ ಅಥವಾ ಯಾವುದಾದರೂ ಡಿಗ್ರಿ. ಅಂದಮೇಲೆ ಲಕ್ಷಗಟ್ಟಲೆ ಕಟ್ಟಿದ್ದು ಯಾತಕ್ಕೆ?

ಎತ್ತರದ ವಿಷಯ ಇನ್ನೂ ಹೊಟ್ಟೆ ಉರಿಸುತ್ತೆ. ಕ್ಯಾಬಿನ್ ಕ್ರೂಗೆ ಹುಡುಗಿಯರು ಇಷ್ಟು ಸೆಂಟಿಮೀಟರ್ ಇರಲೇಬೇಕು ಅಂತ ಕಂಪನಿಗಳು ಇಟ್ಟಿವೆ. ಬಹಳ ಕಡೆ ಅದು 155. ನನ್ನ ರೂಮ್‌ಮೇಟ್ ಹಾವೇರಿ ಕಡೆಯವಳು, ಅದಕ್ಕಿಂತ ಕುಳ್ಳಗೆ. ಕ್ರೂ ಆಗ್ತೀನಿ ಅಂತಲೇ ಸೇರಿದ್ದಳು. ಅಡ್ಮಿಷನ್ ದಿನ ಯೂನಿಫಾರ್ಮ್ ಹೊಲಿಸೋಕೆ ಅಂತ ಅವಳನ್ನು ಅಡಿಯಿಂದ ಮುಡಿವರೆಗೆ ಅಳೆದರು. ಆದರೂ ಯಾರೂ ಬಾಯಿ ಬಿಡಲಿಲ್ಲ. ಗೊತ್ತಾಗಿದ್ದು ಕೊನೇ ವರ್ಷದ ಇಂಟರ್‌ವ್ಯೂನಲ್ಲಿ, ಗೋಡೆಗೆ ನಿಲ್ಲಿಸಿ ಅಳೆದಾಗ. ಅವಳ ಸರದಿ ಅಲ್ಲಿಗೇ ಮುಗೀತು, ಒಂದು ಪ್ರಶ್ನೆಯೂ ಕೇಳಲಿಲ್ಲ.

"ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅನ್ನುವುದರ ಹಣೆಬರಹವೂ ಕೇಳಿ. ಕಾಲೇಜಿಗೆ ಬಂದವರಲ್ಲಿ ಹೆಚ್ಚಿನವರು ಕಾಲ್ ಸೆಂಟರಿನವರು, ಟ್ರಾವೆಲ್ ಏಜೆನ್ಸಿಯವರು, ಒಬ್ಬ ಗುತ್ತಿಗೆದಾರ. ಗುತ್ತಿಗೆದಾರ ಕೊಟ್ಟದ್ದು ಗ್ರೌಂಡ್ ಸ್ಟಾಫ್ ಕೆಲಸ, ಪಾಳಿ ಮೇಲೆ. ರಾತ್ರಿ ಎರಡು ಗಂಟೆಗೆ ಕ್ಯಾಬ್ ಹತ್ತಬೇಕು. ಪಿಜಿ ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಏನೂ ನಿಲ್ಲದಷ್ಟು ಸಂಬಳ. ಕೆಲಸ ಕೆಟ್ಟದ್ದು ಅನ್ನಲ್ಲ, ನಮ್ಮ ಬ್ಯಾಚಿನ ಇಬ್ಬರು ಖುಷಿಯಾಗಿ ಮಾಡುತ್ತಿದ್ದಾರೆ. ಆದರೆ ಅವರ ಪಕ್ಕದ ಕೌಂಟರಿನಲ್ಲಿ ಸರ್ಕಾರಿ ಕಾಲೇಜಲ್ಲಿ ಬಿಎ ಮಾಡಿದ ಹುಡುಗಿ ಅಷ್ಟೇ ಸಂಬಳಕ್ಕೆ ಕೂತಿದ್ದಾಳೆ. ಇತ್ತ ಸೋಗಾನೆ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ, ಆಗಸ್ಟ್ ಕೊನೆಗೆ ವಿಮಾನ ಹಾರಾಟವೂ ಶುರುವಾಯಿತು. ದಿನಕ್ಕೆ ಬೆರಳೆಣಿಕೆಯಷ್ಟು ಸಣ್ಣ ವಿಮಾನ ಬಂದುಹೋಗುವ ಕಡೆ ಎಷ್ಟು ಜನಕ್ಕೆ ಕೆಲಸ ಇದ್ದೀತು? ನಾನೀಗ ಶಿವಮೊಗ್ಗದಲ್ಲೇ ಒಬ್ಬ ಆಡಿಟರ್ ಹತ್ತಿರ ಜಿಎಸ್‌ಟಿ ಫೈಲ್ ನೋಡಿಕೊಳ್ಳುತ್ತೇನೆ. ಇದಕ್ಕೆ ಸಹ್ಯಾದ್ರಿ ಕಾಲೇಜಿನ ಬಿಕಾಂ ಧಾರಾಳ ಸಾಕಿತ್ತು.

ಸೇರಲೇಬೇಕು ಅಂತ ನಿಮ್ಮ ಮಗ ಅಥವಾ ಮಗಳು ಹಟ ಹಿಡಿದಿದ್ದರೆ, ಮೊದಲು ವಿಮಾನ ಕಂಪನಿಗಳ ವೆಬ್‌ಸೈಟಲ್ಲಿ ಕೆಲಸದ ಪುಟ ತೆಗೆದು, ಏನು ಓದಿರಬೇಕು ಅಂತ ಬರೆದಿದ್ದಾರೆ ಅಂತ ಅವರ ಕೈಯಲ್ಲೇ ಓದಿಸಿ. ಬಿಬಿಎ, ಬಿಸಿಎ ಕೋರ್ಸುಗಳು 2024-25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಬಂದಿವೆ, ಕಾಲೇಜಿಗೆ ಅದರ ಒಪ್ಪಿಗೆ ಇದೆಯಾ ನೋಡಿ. ಹೋದ ವರ್ಷ ಪಾಸಾದ ನಾಲ್ಕು ಜನರ ನಂಬರ್ ಕೇಳಿ. ಕಾಲೇಜಿನವರೇ ಆರಿಸಿ ಕೊಟ್ಟ ನಂಬರ್ ಬೇಡ, ಗೇಟಿನ ಹೊರಗಿನ ಟೀ ಅಂಗಡಿ ಹತ್ತಿರ ನಿಂತರೆ ಹಳೇ ಹುಡುಗರು ತಾವಾಗೇ ಸಿಗುತ್ತಾರೆ.

ಆಗಲೇ ಕಟ್ಟಿ ಈಗ ಚಡಪಡಿಸುತ್ತಿರುವವರಿಗೆ ಒಂದು ದಾರಿ ಇದೆ. 2018ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಹೊರಡಿಸಿದ ಸೂಚನೆಯ ಪ್ರಕಾರ ಅಡ್ಮಿಷನ್ ಕೊನೇ ದಿನಾಂಕ ಕಳೆದು 15 ದಿನದೊಳಗೆ ಸೀಟು ಬಿಟ್ಟರೆ ಫೀಸಿನ ಶೇ. 80 ವಾಪಸ್ ಕೊಡಬೇಕು. 30 ದಿನದೊಳಗಾದರೆ ಶೇ. 50. ಆಮೇಲೆ ಇಲ್ಲ. ಕೆಲವು ವರ್ಷ ಇದಕ್ಕಿಂತ ಸಡಿಲ ಆದೇಶವೂ ಬಂದಿದೆ, ನಿಮ್ಮ ವರ್ಷದ್ದು ಹುಡುಕಿ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತಲೂ 2018ರ ಸೂಚನೆಯಲ್ಲೇ ಇದೆ. ಬಾಯಲ್ಲಿ ಕೇಳಬೇಡಿ. ಅರ್ಜಿ ಬರೆದು, ನಿಮ್ಮ ಕಾಪಿ ಮೇಲೆ ತಾರೀಖಿನ ಸಮೇತ ಸೀಲ್ ಹಾಕಿಸಿಕೊಳ್ಳಿ.

ನಮ್ಮ ಕ್ಲಾಸಿನ ಒಬ್ಬ ಮೊದಲ ತಿಂಗಳಲ್ಲೇ ಹೀಗೆ ಬಿಟ್ಟು ಹೋದ. ಕಾಲೇಜು ಫೀಸಿನ ಪಾಲು ಅವನಿಗೆ ಬಂತು. ಆದರೆ ಕಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ "ಟ್ರೈನಿಂಗ್ ಫೀಸು". ಅದರ ರಸೀದಿ ಬೇರೆ, ಕಾಲೇಜಿನ ಹೆಸರಲ್ಲಿ ಅಲ್ಲ, ಯಾವುದೋ ಪ್ರೈವೇಟ್ ಲಿಮಿಟೆಡ್ ಕಂಪನಿ ಹೆಸರಲ್ಲಿ. "ಅದಕ್ಕೂ ನಮಗೂ ಸಂಬಂಧ ಇಲ್ಲ" ಅಂದುಬಿಟ್ಟರು. ನಿಮಗೂ ಎರಡು ರಸೀದಿ ಕೊಟ್ಟಿದ್ದರೆ, ಎರಡನೆಯದು ಯಾರ ಹೆಸರಲ್ಲಿದೆ ಅಂತ ಇವತ್ತೇ ತೆಗೆದು ನೋಡಿ.