ಎಚ್‌ಐವಿ ಯಾವ ಬಗೆಯದು? ಎಲೈಸಾ, ಜೆಲ್, ಸೀಕ್ವೆನ್ಸಿಂಗ್ ಮೂರನ್ನೂ ಬಳಸಿ ನೋಡಿದ ಮೇಲೆ

ರಕ್ತದ ಪ್ರತಿಕಾಯ ನೋಡಿ ಎಚ್‌ಐವಿಯ ಉಪಪ್ರಭೇದ ಗುರುತಿಸುವ ವಿಧಾನದ ಮೇಲೆ ನನಗೆ ಈಗಲೂ ಸ್ವಲ್ಪ ಮೋಹವಿದೆ. ವೈರಸ್ಸಿನ ಹೊರಕವಚದ ಪ್ರೋಟೀನಿನಲ್ಲಿ ವಿ3 ಎಂಬ, ಸುಮಾರು 35 ಅಮೈನೊ ಆಮ್ಲಗಳ ಕುಣಿಕೆಯಿದೆ. ಎ, ಬಿ, ಸಿ ಹೀಗೆ ಒಂದೊಂದು ಉಪಪ್ರಭೇದದ ಕುಣಿಕೆಯನ್ನು ಹೋಲುವ ಪೆಪ್ಟೈಡನ್ನು (ಪ್ರೋಟೀನಿನ ಚಿಕ್ಕ ತುಣುಕು) ಎಲೈಸಾ, ಅಂದರೆ ಪ್ರತಿಕಾಯ ಅಂಟಿದರೆ ಬಣ್ಣ ಬರುವ ಪರೀಕ್ಷೆಯ, ಪ್ಲೇಟಿಗೆ ಅಂಟಿಸಿ, ತೆಳುವಾಗಿಸಿದ ಸೀರಂ (ರಕ್ತದ ತಿಳಿ) ಹಾಕಿ, ಬಣ್ಣ ಎಲ್ಲಿ ಗಾಢವಾಯಿತೆಂದು ಓದಿಕೊಳ್ಳುವುದಷ್ಟೇ ಕೆಲಸ. ಕರೆಂಟ್ ಹೋಗಿ ಕರಗಿ ಮತ್ತೆ ಹೆಪ್ಪುಗಟ್ಟಿದ ಹಳೆಯ ಸೀರಂ ಕೂಡ ನನಗೆ ಉತ್ತರ ಕೊಟ್ಟಿದೆ. ಅದೇ ಸೀಸೆಯಿಂದ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ತೆಗೆಯಲು ಹೋದಾಗ ಕೈಗೆ ಏನೂ ಸಿಗಲಿಲ್ಲ. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಯಿಂದ ವೈರಸ್ ಪತ್ತೆಯಾಗದಷ್ಟು ಇಳಿದವರಲ್ಲಿಯೂ ಪ್ರತಿಕಾಯ ಉಳಿದಿರುತ್ತದೆ.

ತೊಡಕು ಇರುವುದು ಉತ್ತರದಲ್ಲಿ. 1990ರ ದಶಕದ ಥಾಯ್ಲೆಂಡಿನಲ್ಲಿ ಈ ವಿಧಾನ ಚೆನ್ನಾಗಿ ನಡೆಯಿತು, ಏಕೆಂದರೆ ಅಲ್ಲಿ ಬೇರ್ಪಡಿಸಬೇಕಿದ್ದುದು ಬಿ ಮತ್ತು ಇ ಎರಡನ್ನೇ, ಅವುಗಳ ವಿ3 ಸಾಕಷ್ಟು ದೂರ. ಭಾರತದಲ್ಲಿ ಸಿಯದೇ ಕಾರುಬಾರು. ಎ ಮತ್ತು ಸಿ ವಿ3ಗಳು ಬಲು ಹತ್ತಿರ. ಒಂದೇ ಸೀರಂ ಎರಡೂ ಪೆಪ್ಟೈಡುಗಳಿಗೆ ಹೆಚ್ಚುಕಡಿಮೆ ಸಮನಾಗಿ ಅಂಟಿದ್ದನ್ನು ನಾನು ಬೇಸರ ಬರುವಷ್ಟು ನೋಡಿದ್ದೇನೆ. ರೋಗ ಬಲಿತು ಪ್ರತಿಕಾಯ ಕುಗ್ಗಿದವರ ಸೀರಂ ಯಾವ ಪೆಪ್ಟೈಡಿಗೂ ಸರಿಯಾಗಿ ಅಂಟಲಿಲ್ಲ.

ಲೆಕ್ಕವೂ ನಮ್ಮ ಕಡೆಗಿಲ್ಲ. ನೂರರಲ್ಲಿ 95 ಮಾದರಿ ಸಿ ಎಂದುಕೊಳ್ಳಿ. ಪರೀಕ್ಷೆ ಸಿಯನ್ನು ನೂರಕ್ಕೆ ಐದು ಸಲ ತಪ್ಪಾಗಿ ಬೇರೆ ಎಂದರೂ, 'ಬೇರೆ' ಎಂದು ಬಂದವುಗಳಲ್ಲಿ ಸರಿಸುಮಾರು ಅರ್ಧ ಸುಳ್ಳು. ಅಪರೂಪದ್ದನ್ನು ಹುಡುಕಲೆಂದೇ ಹೊರಟವರಿಗೆ ಇದರಿಂದ ಏನು ಉಪಯೋಗ?

ಹೆಟೆರೊಡ್ಯುಪ್ಲೆಕ್ಸ್ ಜೆಲ್ ಮಧ್ಯಮ ವರ್ಗದ್ದು. ಪಿಸಿಆರ್‌ನಲ್ಲಿ ಬೆಳೆಸಿದ ಎನ್ವಲಪ್ (ಹೊರಕವಚದ) ಜೀನಿನ ತುಣುಕನ್ನು ಗೊತ್ತಿರುವ ಉಪಪ್ರಭೇದದ ಡಿಎನ್‌ಎ ಜೊತೆ ಕಾಯಿಸಿ ತಣಿಸಿದರೆ, ಹೊಂದಿಕೆ ಕಡಿಮೆಯಾದ ಜೋಡಿಗಳು ಜೆಲ್ಲಿನಲ್ಲಿ ನಿಧಾನವಾಗಿ ಸಾಗುತ್ತವೆ. ಎ, ಸಿ ಗೊಂದಲ ಇಲ್ಲಿ ಬಹುಮಟ್ಟಿಗೆ ಬಗೆಹರಿಯಿತು. ಆದರೆ ಪಟ್ಟಿಗಳನ್ನು ಓದಲು ಕಣ್ಣು ಪಳಗಬೇಕು, ಮಸುಕಾಗಿ ಬಂದರೆ ಜಗಳವೇ. ಸೀಕ್ವೆನ್ಸಿಂಗ್, ಅಂದರೆ ಜೀನನ್ನು ಅಕ್ಷರ ಅಕ್ಷರವಾಗಿ ಓದುವುದು, ಮೊದಲಿಗಿಂತ ಅಗ್ಗವಾದ ಮೇಲೆ ನಾನು ಇದನ್ನು ಮತ್ತೆ ಮುಟ್ಟಿಲ್ಲ.

ಸೀಕ್ವೆನ್ಸಿಂಗ್ ಈಗಲೂ ಉಳಿದೆರಡಕ್ಕಿಂತ ದುಬಾರಿ, ಕೆಟ್ಟ ಮಾದರಿಯನ್ನು ಕ್ಷಮಿಸುವುದಿಲ್ಲ. ಆದರೂ ವೈರಸ್ಸಿನ ಕಿಣ್ವಗಳ ಸಂಕೇತವಿರುವ ಪಾಲ್ ಜೀನ್ ಓದಿಸಿದರೆ ಉಪಪ್ರಭೇದದ ಜೊತೆಗೆ ಔಷಧ ನಿರೋಧಕತೆಯೂ ತಿಳಿಯುತ್ತದೆ. ರೋಗಿಗೆ ಬೇಕಾದದ್ದು ಅದೇ. ಒಂದೇ ಜೀನ್ ಓದಿ ನಿಲ್ಲಿಸಿದರೆ ಮಾತ್ರ ಮಿಶ್ರತಳಿಗಳು ಇದರ ಕಣ್ಣನ್ನೂ ತಪ್ಪಿಸುತ್ತವೆ. ಥಾಯ್ಲೆಂಡಿನ ಆ 'ಇ'ಯೇ ನೋಡಿ: ಹೊರಕವಚ ಇ, ಉಳಿದ ಬಹುಪಾಲು ಎ. ಮಣಿಪುರದಂತೆ ಬಿ ಮತ್ತು ಸಿ ಬೆರೆತ ಕಡೆ ಎನ್ವಲಪ್, ಪಾಲ್ ಎರಡನ್ನೂ ಓದಿಸಲೇಬೇಕು ಎನ್ನುವುದು ನನ್ನ ಹಟ.

ಹೊಸದಾಗಿ ಸಮೀಕ್ಷೆ ಮಾಡುವವರು ಕೇಳಿದರೆ, ಫಿಲ್ಟರ್ ಕಾಗದದ ಮೇಲೆ ರಕ್ತದ ಹನಿ ಒಣಗಿಸಿ ತಂದು ಸೀಕ್ವೆನ್ಸಿಂಗ್ ಮಾಡಿಸಿ ಎನ್ನುತ್ತೇನೆ. ಉಳಿದಿರುವುದು ಹಳೆಯ ಸೀರಂ ಮಾತ್ರ, ಕೇಳಬೇಕಾದ ಪ್ರಶ್ನೆ ಬಿಯೋ ಇಯೋ ಎಂಬಷ್ಟೇ ಸರಳ ಎಂದಾದರೆ ಪೆಪ್ಟೈಡ್ ಎಲೈಸಾ ಸಾಕು. ಒಂದೂವರೆ ವರ್ಷದೊಳಗಿನ ಮಕ್ಕಳ ಸೀರಂ ಮಾತ್ರ ಸೇರಿಸಬೇಡಿ, ಅದರಲ್ಲಿ ತಾಯಿಯ ಪ್ರತಿಕಾಯ ಇರುತ್ತದೆ.

ಎಚ್‌ಐವಿಯ ಎರಡು ಮೂಲ ಬಗೆಗಳಾದ ಎಚ್‌ಐವಿ-1 (ಮೇಲೆ ಹೇಳಿದ ಉಪಪ್ರಭೇದಗಳೆಲ್ಲ ಇದರವು) ಮತ್ತು ಎಚ್‌ಐವಿ-2 ಬೇರ್ಪಡಿಸುವಲ್ಲಿ ಮಾತ್ರ ನನ್ನ ಮತ ಪೂರ್ತಿ ಪ್ರತಿಕಾಯಕ್ಕೆ. ಎಚ್‌ಐವಿ-1ಕ್ಕೆಂದು ಮಾಡಿದ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣದ) ಪರೀಕ್ಷೆಗೆ ಎರಡನೆಯದು ಕಾಣುವುದೇ ಇಲ್ಲ, ಎಫಾವಿರೆನ್ಜ್, ನೆವಿರಾಪಿನ್ ಎಂಬ ಎಚ್‌ಐವಿ ಔಷಧಗಳು ಅದರ ಮೇಲೆ ಕೆಲಸ ಮಾಡುವುದಿಲ್ಲ. ಜಿಪಿ41 (ಎಚ್‌ಐವಿ-1ರದ್ದು) ಮತ್ತು ಜಿಪಿ36 (ಎಚ್‌ಐವಿ-2ರದ್ದು) ಎಂಬ, ಪ್ರತಿಕಾಯ ಅಂಟುವ ಹೊರಕವಚದ ಪ್ರತಿಜನಕಗಳನ್ನು ಬೇರೆ ಬೇರೆ ಗೆರೆಗಳಾಗಿ ಹಾಕಿದ ಪಟ್ಟಿಯೊಂದು ಈ ಕೆಲಸವನ್ನು ಒಂದು ಗಂಟೆಯೊಳಗೆ ಮುಗಿಸುತ್ತದೆ.