ಹಳ್ಳದ ದರೆಗೆ ಕಾಂಕ್ರೀಟೋ, ಗೇಬಿಯನ್ನೋ, ನಾರಿನ ಚಾಪೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ತೆಂಗಿನ ನಾರಿನ ಚಾಪೆಗೆ. ನನ್ನನ್ನು ಜಾಸ್ತಿ ಸತಾಯಿಸಿದ್ದೂ ಅದೇ.

2019ರ ಆಗಸ್ಟ್ ಮಳೆಗೆ ಮಲೆನಾಡಿನಲ್ಲಿ ಎಷ್ಟೋ ಕಡೆ ದರೆ, ಅಂದರೆ ಕಡಿದಾದ ಮಣ್ಣಿನ ದಂಡೆ, ಕುಸಿಯಿತು. ನಮ್ಮ ಅಡಿಕೆ ತೋಟದ ಅಂಚೂ ಹಳ್ಳದ ಪಾಲಾಯಿತು. ಆಮೇಲೆ ಒಂದೊಂದು ಬೇಸಿಗೆಗೆ ಒಂದೊಂದು ಕಡೆ ಈ ಮೂರನ್ನೂ ಮಾಡಿಸಿದೆ. ದರೆ ನಿಲ್ಲುತ್ತದಾ ಅನ್ನೋದು ಒಂದು ಲೆಕ್ಕ. ಹಳ್ಳದ ಏಡಿ, ಸೀಗಡಿ, ಮುರುಗೋಡು ಮೀನು, ಕಪ್ಪೆ ಉಳಿಯುತ್ತವಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಎಂಜಿನಿಯರುಗಳಿದ್ದಾರೆ. ಎರಡನೆಯದನ್ನು ಕೇಳುವವರು ಕಡಿಮೆ.

ಕಾಂಕ್ರೀಟನ್ನು ಕಾಲುಸಂಕದ ಬುಡಕ್ಕೆ ಮಾತ್ರ ಹಾಕಿಸಿದೆ. ಗಟ್ಟಿ, ಎರಡು ಮಾತಿಲ್ಲ. ಆದರೆ ಹಸಿ ಸಿಮೆಂಟು ತೊಳೆದ ನೀರಿನ ಪಿಎಚ್ 12ರ ಆಸುಪಾಸಿನಲ್ಲಿರುತ್ತದೆ. ಮೀನಿಗೆ 9 ದಾಟಿದರೇ ಕಷ್ಟ. ಬೇಸಿಗೆಯಲ್ಲಿ ಹಳ್ಳದಲ್ಲಿ ಉಳಿಯೋದೇ ನಾಲ್ಕಾರು ಗುಂಡಿ ನೀರು, ಅದಕ್ಕೆ ಬಾಂಡ್ಲಿ ತೊಳೆದು ಬಿಟ್ಟರೆ ಮುಗಿಯಿತು. ತೊಳೆಯೋದಕ್ಕೆ ಅಂತಲೇ ತೋಟದ ಮೇಲ್ಭಾಗದಲ್ಲಿ ಬೇರೆ ಗುಂಡಿ ತೆಗೆಸಿದೆ. ಮೇಸ್ತ್ರಿಗೆ ನಗು.

ಗೋಡೆ ಒಣಗಿದ ಮೇಲೂ ಅದರಲ್ಲಿ ಯಾವ ಜೀವಕ್ಕೂ ಜಾಗವಿಲ್ಲ. ನಮ್ಮ ಕಡೆಯ ಕುಂಬಾರ ಕಪ್ಪೆಯನ್ನೇ ನೋಡಿ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಸಿಕ್ಕಿ, 2014ರಲ್ಲಿ ಹೊಸ ಜಾತಿ ಅಂತ ದಾಖಲಾದದ್ದು. ನೀರಿನ ಮೇಲಕ್ಕೆ ಬಾಗಿದ ಕಡ್ಡಿಗೋ ರೆಂಬೆಗೋ ಮೊಟ್ಟೆ ಅಂಟಿರುತ್ತದೆ. ಗಂಡು ಕಪ್ಪೆ ಮುಂಗಾಲಿನಲ್ಲಿ ಹಳ್ಳದ ಮಣ್ಣು ತಂದು ಅದಕ್ಕೆ ಮೆತ್ತುತ್ತದೆ. ಬೋಳು ಗೋಡೆಯಲ್ಲಿ ಅದಕ್ಕೆ ಕಡ್ಡಿ ಎಲ್ಲಿಂದ ಬರಬೇಕು?

ಗೇಬಿಯನ್ ಅಂದರೆ ತಂತಿ ಜಾಲರಿಯ ಪೆಟ್ಟಿಗೆ, ಒಳಗೆ ಕಲ್ಲು. ಜೀವಿಗಳ ದೃಷ್ಟಿಯಿಂದ ಇದು ಚೆನ್ನಾಗಿಯೇ ಇದೆ. ಸಂದಿಯಲ್ಲಿ ನೀರು ಓಡಾಡುತ್ತದೆ, ಏಡಿ ಮನೆ ಮಾಡುತ್ತದೆ, ಹೂಳು ಕೂತ ಮೇಲೆ ಜರಿಗಿಡ ಏಳುತ್ತದೆ. ತೊಂದರೆ ಕಲ್ಲಿನದು. ಎರಡು ಮೀಟರ್ ಉದ್ದ, ಒಂದೊಂದು ಮೀಟರ್ ಅಗಲ, ಎತ್ತರದ ಒಂದೇ ಪೆಟ್ಟಿಗೆಗೆ 2 ಘನ ಮೀಟರ್ ಕಲ್ಲು ಬೇಕು. ಕೆಲಸದವರು ಕಣ್ಣು ತಪ್ಪಿಸಿ ಹಳ್ಳದ ಕಲ್ಲನ್ನೇ ತುಂಬುತ್ತಾರೆ. ಏರೋಪ್ಲೇನ್ ಚಿಟ್ಟೆಯ ಮರಿ, ಸಣ್ಣ ಮೀನು ಎಲ್ಲ ಇರೋದು ಆ ಕಲ್ಲಿನ ಅಡಿಯಲ್ಲೇ ಅಲ್ವಾ? ಕ್ವಾರಿಯಿಂದ ತರಿಸಿದರೆ ಲಾರಿ ಬಾಡಿಗೆಗೇ ಕೈ ಬರಿದಾಗುತ್ತದೆ.

ಇನ್ನು ನಾರಿನ ಚಾಪೆ. ದರೆಯನ್ನು ಇಳಿಜಾರಾಗಿ ಕೆತ್ತಿ, ಚಾಪೆ ಹಾಸಿ, ಬಿದಿರಿನ ಗೂಟ ಹೊಡೆದು, ಮಳೆ ಹಿಡಿಯುತ್ತಿದ್ದಂತೆ ಲಾವಂಚ ನೆಡೋದು. ಬುಡದಲ್ಲಿ ವಾಟೆ, ಮುಂಡಿಗೆ, ಹೊಳೆಮತ್ತಿ. ಚಾಪೆ ಕೆಲವು ವರ್ಷಕ್ಕೆ ಕರಗಿ ಮಣ್ಣಾಗುತ್ತದೆ. ಅಷ್ಟರಲ್ಲಿ ಬೇರು ಹಿಡಿದಿರುತ್ತದೆ. ಲಾವಂಚದ ಬೇರು 3 ಮೀಟರ್ ಆಳಕ್ಕೂ ಹೋಗುತ್ತದೆ.

ಕಿರಿಕಿರಿ ಎಲ್ಲಿ ಅಂದರೆ, ನನಗೆ ಬಂದ ಚಾಪೆಯಲ್ಲಿ ನಾರಿನ ಎರಡೂ ಬದಿಗೆ ತೆಳುವಾದ ನೈಲಾನ್ ಬಲೆ ಹೊಲಿದಿತ್ತು. ಮಾರಿದವರು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಮೇಲಿನ ನಾರು ಸವೆದ ಕಡೆ ಬಲೆ ಎದ್ದು ಬಂತು. ಒಂದು ಬೆಳಿಗ್ಗೆ ಅದರಲ್ಲಿ ನೀರೊಳ್ಳೆ ಹಾವು. ಬಲೆಯ ಕಣ್ಣೊಳಗೆ ಅದು ತಲೆ ತೂರಿಸಿದೆ, ಹೊಟ್ಟೆ ದಪ್ಪ ಇರುವಲ್ಲಿ ಸಿಕ್ಕಿಕೊಂಡಿದೆ. ಹಿಂದೆ ಬರೋಣ ಅಂದರೆ ಹುರುಪೆಯ ಅಂಚಿಗೆ ದಾರ ಕಚ್ಚುತ್ತದೆ. ಒದ್ದಾಡಿದಷ್ಟೂ ಬಿಗಿ. ನೆರೆಮನೆಯ ಹುಡುಗ ಒದ್ದೆ ಗೋಣಿಯಲ್ಲಿ ತಲೆ ಒತ್ತಿ ಹಿಡಿದ, ನಾನು ಉಗುರು ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿದೆ. ವಿಷ ಇಲ್ಲ ನಿಜ, ಆದರೆ ಕಚ್ಚದೆ ಬಿಡುವ ಜಾತಿಯಲ್ಲ.

ಬಲೆ ಕಿತ್ತುಬಿಡೋಣ ಅಂದರೆ ಅಷ್ಟರಲ್ಲಿ ಲಾವಂಚದ ಬೇರು ಅದರೊಳಗೇ ಇಳಿದಿತ್ತು. ಎಳೆದರೆ ಗಿಡವೇ ಬರುತ್ತದೆ. ಕೊನೆಗೆ ನೀರಿನ ಅಂಚಿನ ಪಟ್ಟಿಯನ್ನಷ್ಟೇ ಕೂತು ಕತ್ತರಿಸಿ ತೆಗೆದೆ, ಬೆನ್ನು ಬಿದ್ದುಹೋಯಿತು. ಮಾರಿದವರಿಗೆ ಫೋನ್ ಮಾಡಿದರೆ, "ಅದು ಸ್ಟ್ರೆಂತ್‌ಗೆ ಸಾರ್" ಅಂದರು. ನಾರು ಮಣ್ಣಾದ ಮೇಲೂ ಆ ಸ್ಟ್ರೆಂತ್ ಅಲ್ಲೇ ಇರುತ್ತದೆ. ನಾಳೆ ಕಿತ್ತುಬಂದು ಹಳ್ಳದಲ್ಲಿ ಮೀನಿನ ಕಿವಿರಿಗೆ ಸಿಕ್ಕುತ್ತದೆ.

ಹಾಗಾಗಿ ಕೊಳ್ಳುವ ಮುಂಚೆ ಒಂದೆಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ. ನಾರು ಉರಿದು ಬೂದಿಯಾಗುತ್ತದೆ. ನೈಲಾನ್ ಕರಗಿ ಮಣಿಯ ಹಾಗೆ ಗಂಟಾಗುತ್ತದೆ. ನಾರಿನ ಹಗ್ಗದಿಂದಲೇ ನೇಯ್ದ ಚಾಪೆ ಸಿಗುತ್ತದೆ, ಅದನ್ನೇ ಕೇಳಿ. ಎರಡನೇ ಸಲ ನಾನು ತಂದದ್ದು ಅದು. ತಂಟೆ ಇಲ್ಲ.

ಯಾವುದನ್ನೇ ಮಾಡಿಸಿ, ಗಿಡ ನೆಡೋದೊಂದು ಬಿಟ್ಟು ಉಳಿದ ಕೆಲಸ ಫೆಬ್ರವರಿ–ಏಪ್ರಿಲ್ ಒಳಗೆ ಮುಗಿಯಬೇಕು. ಜೂನ್ ಮಳೆಗೆ ಹತ್ತುಮೀನು, ಅಂದರೆ ಮೊಟ್ಟೆಯಿಡೋದಕ್ಕೆ ಹಳ್ಳ ಹತ್ತುವ ಮೀನು, ಹೊರಡುತ್ತದೆ, ಆಗ ಕೆಸರು ಎಬ್ಬಿಸಿದರೆ ಮೊಟ್ಟೆಯ ಮೇಲೆ ಹೂಳು ಕೂರುತ್ತದೆ. ಜೆಸಿಬಿ ದಡದಲ್ಲೇ ನಿಲ್ಲಲಿ. ಮರಳು ಚೀಲ ಇಟ್ಟು ಅರ್ಧ ಹಳ್ಳವನ್ನಷ್ಟೇ ಕಟ್ಟಿ. ಪಂಪು ಇಡಲೇಬೇಕಾದರೆ ನೀರು ಹೀರುವ ತುದಿಯ ಫುಟ್‌ವಾಲ್ವಿಗೆ ಸೊಳ್ಳೆಪರದೆ ಸುತ್ತಿ, ಮೀನನ್ನು ಬಕೆಟಿನಲ್ಲಿ ಕೆಳಗಿನ ಗುಂಡಿಗೆ ದಾಟಿಸಿ.

ನಾರಿನ ಚಾಪೆ ನನಗೆ ಹೊಂದೋದು ನಾನು ದಿನಾ ತೋಟಕ್ಕೆ ಇಳಿಯುವವನು ಅಂತ. ಸತ್ತ ಗಿಡ ಬದಲಿಸುತ್ತೇನೆ, ಸಡಿಲಾದ ಗೂಟ ಹೊಡೆಯುತ್ತೇನೆ. ಮೂರರಲ್ಲಿ ಖರ್ಚೂ ಇದಕ್ಕೇ ಕಡಿಮೆ. ಹಳ್ಳ ತಿರುಗಿ ನೇರ ಬಂದು ಬಡಿಯುವ ಕಡೆ ಮಾತ್ರ ಇದು ನಿಲ್ಲೋದಿಲ್ಲ, ಅಲ್ಲಿ ನಾನೂ ಗೇಬಿಯನ್ನೇ ಇಟ್ಟಿದ್ದೇನೆ. ಬೆಂಗಳೂರಿನಲ್ಲಿದ್ದು ಹಬ್ಬಕ್ಕೆ ಮಾತ್ರ ಬರುವವರಿಗೂ ಗೇಬಿಯನ್ನೇ ಸರಿ. ಕಲ್ಲು ತುಂಬುವ ದಿನ ಮಾತ್ರ ರಜೆ ಹಾಕಿ ಬಂದು ನಿಲ್ಲಿ.